ಸ್ಕ್ಯಾನ್ ನಾರ್ಮಲ್ ಎಂದ ಮೇಲೂ ಉಳಿಯುವ ಕಾಯಿಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಮಾನಸಿಕ ರೋಗಿಯನ್ನು ಶಿವಮೊಗ್ಗಕ್ಕೆ ಕರೆತರುವ ಮನೆಯವರಲ್ಲಿ ಅನೇಕರು ಕೇಳುವುದು, "ಡಾಕ್ಟ್ರೇ, ತಲೆ ಸ್ಕ್ಯಾನ್ ಒಂದು ಮಾಡಿಸಿಬಿಡೋಣವಾ?" ಎಂದು. ವರದಿ ನಾರ್ಮಲ್ ಎಂದು ಬಂದರೆ, "ಹಾಗಾದರೆ ಕಾಯಿಲೆ ಏನೂ ಇಲ್ಲ, ಎಲ್ಲ ಮೈಗಳ್ಳತನ" ಎಂದುಕೊಳ್ಳುವವರೂ ಉಂಟು. ಈ ತೀರ್ಮಾನ ಏಕೆ ತಪ್ಪು ಎಂಬುದನ್ನು, ಮಿದುಳನ್ನು ನೋಡುವ ಹಲವು ವಿಧಾನಗಳನ್ನು ಒಂದಕ್ಕೊಂದು ಜೋಡಿಸಿ ನಡೆಸುತ್ತಿರುವ ಸಂಶೋಧನೆ ಸ್ಪಷ್ಟಪಡಿಸುತ್ತದೆ.

ಸಾಮಾನ್ಯ ಎಂ.ಆರ್.ಐ. ತೋರಿಸುವುದು ಮಿದುಳಿನ ರಚನೆಯನ್ನು. ಗೆಡ್ಡೆಯೋ ರಕ್ತಸ್ರಾವವೋ ಇದ್ದರೆ ಅದು ಹಿಡಿದುಕೊಡುತ್ತದೆ. ಮನೋವೈದ್ಯರು ಸ್ಕ್ಯಾನ್ ಬರೆದುಕೊಡುವುದೂ ಹೆಚ್ಚಾಗಿ ಇಂಥವು ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಮನೋರೋಗವಾದ ಸ್ಕಿಜೋಫ್ರೇನಿಯಾದ ರೋಗಿಗಳ ಮಿದುಳಿನ ದ್ರವ ತುಂಬಿದ ಕುಹರಗಳು ಹಿಗ್ಗಿರುವುದನ್ನು ಇಂಗ್ಲೆಂಡಿನ ಸಂಶೋಧಕರು 1976ರಲ್ಲೇ ಸಿ.ಟಿ. ಸ್ಕ್ಯಾನಿನಿಂದ ತೋರಿಸಿದ್ದರು. ಆದರೆ ಅದು ಗುಂಪಿನ ಸರಾಸರಿಯ ಮಾತು. ಒಬ್ಬ ರೋಗಿಯ ಕುಹರ ಆರೋಗ್ಯವಂತನೊಬ್ಬನದಕ್ಕಿಂತ ಚಿಕ್ಕದೇ ಇರಬಹುದು.

ಮಿದುಳಿನ ಕೆಲಸವನ್ನು ನೋಡಲು ಬೇರೆ ಉಪಾಯ ಬೇಕು. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಮೇಲೆ ಮೊದಲು ದಾಖಲಿಸಿದ ಇ.ಇ.ಜಿ. ಮಿದುಳಿನ ವಿದ್ಯುತ್ತನ್ನು ಸೆಕೆಂಡಿನ ಸಾವಿರದ ಒಂದು ಭಾಗದ ನಿಖರತೆಯಲ್ಲಿ ಬರೆದಿಡುತ್ತದೆ, ಆದರೆ ಅದು ಎಲ್ಲಿ ಹುಟ್ಟಿತೆಂದು ಸರಿಯಾಗಿ ಹೇಳಲಾರದು. ಫಂಕ್ಷನಲ್ ಎಂ.ಆರ್.ಐ. ರಕ್ತದ ಆಮ್ಲಜನಕದ ಬದಲಾವಣೆಯ ಮೂಲಕ ಜಾಗವನ್ನು ಕೆಲವೇ ಮಿಲಿಮೀಟರ್ ಅಳತೆಯಲ್ಲಿ ಗುರುತಿಸುತ್ತದೆ, ಆದರೆ ಆ ಬದಲಾವಣೆ ಉತ್ತುಂಗಕ್ಕೇರುವುದು ಐದಾರು ಸೆಕೆಂಡುಗಳ ನಂತರ. ಗುಡ್ಡದಾಚೆ ಯಕ್ಷಗಾನದ ಆಟ ನಡೆಯುವಾಗ ಮನೆಯಲ್ಲಿ ಮಲಗಿದವರಿಗೆ ಚೆಂಡೆಯ ಪೆಟ್ಟು ಒಂದೊಂದೂ ಕೇಳಿಸುತ್ತದೆ, ರಂಗಸ್ಥಳ ಯಾರ ಗದ್ದೆಯಲ್ಲಿದೆಯೆಂದು ತಿಳಿಯದು. ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆ ಸಿಗುತ್ತದೆ, ತಾಳ ಸಿಗುವುದಿಲ್ಲ.

ಆದ್ದರಿಂದ ಎರಡನ್ನೂ ಒಟ್ಟಿಗೆ ನಡೆಸುತ್ತಾರೆ. ತಾಳಿ, ಮೂಗುತಿ, ಕಾಲುಂಗುರ ತೆಗೆದಿಟ್ಟು, ತಲೆಗೆ ಎಲೆಕ್ಟ್ರೋಡುಗಳ ಟೋಪಿ ತೊಟ್ಟು, ಕೂದಲ ಬುಡಕ್ಕೆ ಅಂಟಂಟಾದ ಜೆಲ್ ಹಾಕಿಸಿಕೊಂಡು, ಕಿವಿಗೆ ಬಿರಟೆ ಸಿಕ್ಕಿಸಿ ಅಲುಗಾಡದೆ ಮಲಗಬೇಕು. ಯಂತ್ರ ಉಂಟುಮಾಡುವ ವಿದ್ಯುತ್ ಗದ್ದಲ ಮಿದುಳಿನ ಸಂಕೇತಕ್ಕಿಂತ ನೂರಾರು ಪಟ್ಟು ದೊಡ್ಡದು; ಎದೆಬಡಿತಕ್ಕೆ ತಲೆ ತುಸು ಮಿಡಿದರೂ ಅದು ದಾಖಲಾಗಿಬಿಡುತ್ತದೆ. ಇವನ್ನೆಲ್ಲ ಗಣಿತದಿಂದ ಸೋಸಿ ತೆಗೆಯುವುದೇ ಈ ವಿದ್ಯೆಯ ಅರ್ಧ ಕೆಲಸ.

ಮೂರನೆಯದು ಪೆಟ್, ಮಿದುಳಿನ ರಾಸಾಯನಿಕಗಳನ್ನು ಹಿಂಬಾಲಿಸುವ ವಿಧಾನ. ಇದರಲ್ಲಿ ಬಳಸುವ ವಿಕಿರಣಶೀಲ ಫ್ಲೋರಿನ್-18 ಸುಮಾರು 110 ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಅದನ್ನು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ತರಲು ಐದೂವರೆ ಗಂಟೆ ಹಿಡಿದರೆ, ತಲುಪುವಷ್ಟರಲ್ಲಿ ಉಳಿಯುವುದು ಎಂಟನೇ ಒಂದು ಭಾಗ. ದೊಡ್ಡ ಊರುಗಳಲ್ಲೇ ಪೆಟ್ ನೆಲೆಯಾಗಿರಲು ಹಣದ ಜೊತೆಗೆ ಇದೂ ಒಂದು ಕಾರಣ.

ಈ ಜೋಡಣೆಯಿಂದ ದೊರೆತ ತಿಳಿವಿನಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಒಂದಿದೆ. ಸ್ಕಿಜೋಫ್ರೇನಿಯಾದಲ್ಲಿ ಮಿದುಳಿನಾಳದ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕದ ತಯಾರಿಕೆ ಹೆಚ್ಚಿರುತ್ತದೆಂದು ಪೆಟ್ ಅಧ್ಯಯನಗಳು ತೋರಿಸಿವೆ, ಮತ್ತು ನಮ್ಮ ಸಾಮಾನ್ಯ ಮಾತ್ರೆಗಳು ಡೋಪಮಿನ್ನನ್ನೇ ತಡೆಯುತ್ತವೆ. ಆದರೆ ಸುಮಾರು ಮೂರನೇ ಒಂದು ಭಾಗದ ರೋಗಿಗಳಿಗೆ ಆ ಮಾತ್ರೆ ಸಾಕಷ್ಟು ಹಿಡಿಸುವುದಿಲ್ಲ. ಅಂಥವರಲ್ಲಿ ಡೋಪಮಿನ್ ತಯಾರಿಕೆ ಹೆಚ್ಚಿರಲಿಲ್ಲವೆಂದು ಪೆಟ್ ಅಧ್ಯಯನಗಳು ಹೇಳಿದರೆ, ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕ ಮಿದುಳಿನ ಮುಂಭಾಗದಲ್ಲಿ ಹೆಚ್ಚಿರುವುದನ್ನು, ಎಂ.ಆರ್.ಐ. ಯಂತ್ರದಿಂದಲೇ ರಾಸಾಯನಿಕಗಳನ್ನು ಅಳೆಯುವ ಎಂ.ಆರ್. ಸ್ಪೆಕ್ಟ್ರೋಸ್ಕೋಪಿ ಕಂಡಿದೆ. ಅಂದರೆ ಒಂದೇ ಹೆಸರಿನಡಿ ಎರಡು ಬಗೆಯ ಕಾಯಿಲೆ ಇರಬಹುದು. ಇಬ್ಬರ ಸಾಮಾನ್ಯ ಸ್ಕ್ಯಾನೂ ನಾರ್ಮಲ್ ಆಗಿಯೇ ಬಂದಿರಬಹುದು.

ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಲ್ಲಿ ಇ.ಇ.ಜಿ., ಎಂ.ಆರ್.ಐ., ಪೆಟ್‌ಗಳನ್ನು ಕೂಡಿಸಿ ನೋಡುವುದು ಈಗಾಗಲೇ ರೂಢಿಯಲ್ಲಿದೆ. ಮನೋರೋಗಗಳಲ್ಲಿ ಮಾತ್ರ ರೋಗ ನಿರ್ಣಯ ಇಂದಿಗೂ ರೋಗಿಯೊಡನೆ, ಮನೆಯವರೊಡನೆ ಮಾತನಾಡಿಯೇ ಆಗಬೇಕು. 2005ರಲ್ಲಿ ನಿಮ್ಹಾನ್ಸ್ ತಜ್ಞರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ ಚಿಕಿತ್ಸೆ ಕೊಟ್ಟಾಗ, ಸಾಧಾರಣ ಮಾತ್ರೆಗಳಿಂದಲೇ ಅವರ ಅಸಾಮರ್ಥ್ಯ ತಗ್ಗಿದ್ದು ಕಂಡುಬಂತು. ಮಾತ್ರೆ ಹಿಡಿಸದವರ ಕಥೆ ಬೇರೆ. ಎರಡು ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ, ವಾರಗಟ್ಟಲೆ ಕೊಟ್ಟು ನೋಡಿದ ಮೇಲಷ್ಟೇ ಈಗ ಕ್ಲೋಜಪಿನ್ ಎಂಬ ಔಷಧಕ್ಕೆ ಕೈಹಾಕುತ್ತಾರೆ. ಈ ಕಾಯುವಿಕೆಯನ್ನು ತಪ್ಪಿಸಿ, ಯಾರಿಗೆ ಯಾವ ಔಷಧವೆಂದು ಮೊದಲೇ ಹೇಳುವ ಮಟ್ಟಕ್ಕೆ ಈ ಚಿತ್ರಗಳು ಬರಬೇಕೆಂಬುದು ಸಂಶೋಧಕರ ಗುರಿ. ಒಬ್ಬೊಬ್ಬ ರೋಗಿಯ ಮಟ್ಟದಲ್ಲಿ ಅದಿನ್ನೂ ಕೈಗೂಡಿಲ್ಲ.