ಗುಡಿಸದೆ ಬಿಟ್ಟ ಕಾಡು

ಎಲ್ಲರಿಗೂ ಯುಗಾದಿಯ ಶುಭಾಶಯ. ಒಳಗೆ ಒಬ್ಬಟ್ಟಿನ ಸಾರಿಗೆ ಒಗ್ಗರಣೆ ಬೀಳ್ತಾ ಇದೆ, ಘಮ ಇಲ್ಲಿಯವರೆಗೂ ಬಂದಿದೆ. ಅದರ ಎದುರು ನಿಂತು ಮಾತಾಡೋದು ಕಷ್ಟದ ಕೆಲಸ. ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ನಾನು ತಂದಿರುವ ವಿಷಯವೂ ಒಂದೇ: ಮೇ ತಿಂಗಳ ಮೊದಲ ವಾರದ ರಜೆಗೆ ನಾವೆಲ್ಲ ಎಲ್ಲಿಗೆ ಹೋಗಬೇಕು ಅನ್ನೋದು.

ಮಯೂಫ್ಕಾ, ಅಂದರೆ ಪೋಲೆಂಡಿನ ಈ ಮೇ ರಜೆ, ಬಂತು ಅಂದರೆ ವಾರ್ಸಾದ ನಮ್ಮವರು ಏನು ಮಾಡುತ್ತೇವೆ? ದಕ್ಷಿಣದ ಬೆಟ್ಟದ ಊರು ಜಾಕೋಪಾನೆಗೆ ಓಡುತ್ತೇವೆ. ಒಂಬತ್ತು ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ ಜಾತ್ರೆಯ ಹಾಗೆ ಸಾಲುಗಟ್ಟಿ ಮೋರ್ಸ್ಕೆ ಓಕೊ ಸರೋವರ ಮುಟ್ಟುತ್ತೇವೆ. ಹುಡುಗರಾದರೆ ಬೇಸಿಗೆಯಲ್ಲಿ ರಿಸಿ ಶಿಖರ ಹತ್ತುತ್ತಾರೆ, 2,499 ಮೀಟರ್. ಹತ್ತಲಿ, ಬಹಳ ಚೆನ್ನಾಗಿದೆ. ಆದರೆ ಆ ಗುಂಪಿನಲ್ಲಿ ಯಾರಿರುವುದಿಲ್ಲ, ಗಮನಿಸಿದ್ದೀರಾ? ಊರಿಂದ ಮೂರು ತಿಂಗಳಿಗೆ ಬಂದ ಅಪ್ಪ ಅಮ್ಮ ಇರುವುದಿಲ್ಲ. ಏಳು ತಿಂಗಳ ಬಸುರಿ ಇರುವುದಿಲ್ಲ. ಕೈಗೂಸಿನ ತಾಯಿ ಇರುವುದಿಲ್ಲ. ಅವರು ಮನೆಯಲ್ಲಿ ಕೂತು ನಾವು ಕಳಿಸುವ ಫೋಟೊ ನೋಡುತ್ತಾರೆ. ಹೋದ ವರ್ಷದವರೆಗೆ ನನ್ನ ಅಮ್ಮನೂ ಹಾಗೇ ನೋಡುತ್ತಿದ್ದರು. ಅರವತ್ತೆಂಟು ವರ್ಷ, ಎರಡೂ ಮೊಣಕಾಲು ನೋವು. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಕಾಡಿನ ನಡುವೆಯೇ ಬೆಳೆದ ಹೆಂಗಸು, ವಾರ್ಸಾದ ಆರನೇ ಮಹಡಿಯ ಬಾಲ್ಕನಿಯಲ್ಲಿ.

ಅದಕ್ಕೇ ಈ ಮಾತು. ಸುಲಭದ ನಡಿಗೆಯನ್ನು ನಾವು ಕೀಳಾಗಿ ಕಾಣುತ್ತೇವೆ, 'ಅದೇನು ಟ್ರೆಕ್ಕಾ' ಅನ್ನುತ್ತೇವೆ. ನಾನು ಹೇಳುತ್ತೇನೆ, ಕಾಡು ನಿಧಾನಕ್ಕೆ ನಡೆಯುವವರಿಗೇ ಹೆಚ್ಚು ಕೊಡುತ್ತದೆ. ಇದನ್ನು ಇವತ್ತು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಜಮೋಶ್ಚ್ ಪಟ್ಟಣ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಯುನೆಸ್ಕೊ ಪಟ್ಟಿಗೆ 1992ರಲ್ಲೇ ಸೇರಿದ ಊರು. ಯಾನ್ ಜಮೋಯ್ಸ್ಕಿ ಅನ್ನುವ ಸಿರಿವಂತ, ಪೋಲೆಂಡಿನ ಚಾನ್ಸಲರ್, ಇಟಲಿಯ ಪಾದುವಾದಲ್ಲಿ ಓದಿ ಬಂದವನು, 1580ರಲ್ಲಿ ಪಾದುವಾದವನೇ ಆದ ಬೆರ್ನಾರ್ದೋ ಮೊರಾಂದೊ ಎಂಬ ವಾಸ್ತುಶಿಲ್ಪಿಯಿಂದ ಬಯಲಿನಲ್ಲಿ ಇಡೀ ಊರನ್ನೇ ಕಟ್ಟಿಸಿದ. ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ ಚೌಕ, ಬೀಸಣಿಗೆಯಂತೆ ಬಿಚ್ಚಿಕೊಂಡ ಮೆಟ್ಟಿಲಿನ ಪುರಭವನ, ಪಕ್ಕದಲ್ಲಿ ಅರ್ಮೇನಿಯನ್ ವ್ಯಾಪಾರಿಗಳ ಬಣ್ಣಬಣ್ಣದ ಮನೆಗಳು. ಇದೆಲ್ಲ ನೋಡಿ, ಐಸ್‌ಕ್ರೀಮ್ ತಿಂದು, ವಾಪಸ್ ಕಾರು ಹತ್ತುತ್ತೇವೆ. ಅಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ಮುಂದೆ ಹೋದರೆ ಅದೇ ಜಮೋಯ್ಸ್ಕಿಯ ಇನ್ನೊಂದು ಕೆಲಸ ಇದೆ. ಊರಿನ ಹೆಸರು ಜ್ವೆಜಿನೆತ್ಸ್. ಹೆಸರಿನೊಳಗೇ 'ಮೃಗ' ಇದೆ. 1593ರ ಸುಮಾರಿಗೆ ಅವನು ಅಲ್ಲಿನ ಕಾಡಿಗೆ ಬೇಲಿ ಹಾಕಿಸಿ ಮೃಗವನ ಮಾಡಿಸಿದ. ಇವತ್ತು ಅದು ರೋಸ್ತೋಚೆ ರಾಷ್ಟ್ರೀಯ ಉದ್ಯಾನದ ಮುಖ್ಯ ಊರು. ಉದ್ಯಾನ ಶುರುವಾದದ್ದು 1974ರಲ್ಲಿ, ವಿಸ್ತಾರ ಸುಮಾರು 8,500 ಹೆಕ್ಟೇರ್.

ದಾರಿಯಲ್ಲಿ ಷ್ಚೆಬ್ಜೆಷಿನ್ ಸಿಗುತ್ತದೆ. ನಗಬೇಡಿ, ನನಗೂ ಮೂರು ವರ್ಷ ಬೇಕಾಯಿತು ಆ ಹೆಸರು ಹೇಳಲು. ಪೋಲಿಷ್ ಮಕ್ಕಳು ನಾಲಿಗೆ ಪಳಗಿಸಲು ಆ ಊರಿನ ಜೀರುಂಡೆಯ ಒಂದು ಸಾಲು ಕಲಿಯುತ್ತಾರಲ್ಲ, ಅದೇ ಊರು, ಅಲ್ಲಿ ಜೀರುಂಡೆಗೆ ಪ್ರತಿಮೆಯೇ ಇದೆ. ನನ್ನ ಮಗಳು ಹಿಂದಿನ ಸೀಟಿನಲ್ಲಿ ಕೂತು ಆ ಸಾಲನ್ನು ಒಂದೇ ಉಸಿರಿಗೆ ಹೇಳಿ, "ಅಜ್ಜೀ, ಈಗ ನೀನು" ಅಂದಳು. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು, ನೀ ಹತ್ತು ಸಲ ಹೇಳು ನೋಡುವ" ಅಂದರು. ಜ್ವೆಜಿನೆತ್ಸ್ ಮುಟ್ಟುವವರೆಗೂ ಕಾರಿನಲ್ಲಿ ಜೀರುಂಡೆಗೂ ಕುರಿಮರಿಗೂ ಜಗಳ.

ಅಲ್ಲಿ ಇಳಿದ ಕೂಡಲೇ ಅಮ್ಮ ಕಂಡದ್ದು ನೀರಿನ ನಡುವಿನ ಚರ್ಚು. ಹದಿನೆಂಟನೇ ಶತಮಾನದ್ದು, ಕೊಳದ ನಡುಗಡ್ಡೆಯ ಮೇಲೆ ಬೆಳ್ಳಗೆ ನಿಂತಿದೆ. ಸಣ್ಣ ಸೇತುವೆ ದಾಟಿ ಹೋಗಬೇಕು. "ನಮ್ಮಲ್ಲಿ ಕೆರೆ ಮಧ್ಯ ದೇವಸ್ಥಾನ ಕಟ್ಟಲ್ವಾ, ಹಾಗೇ" ಅಂತ ಸೇತುವೆಯ ಮೇಲೇ ಚಪ್ಪಲಿ ಬಿಡಲು ಹೋದರು. ಸೊಸೆ ತಡೆದಳು.

ಈಗ ಕಾಡಿಗೆ ಬರೋಣ. ಬುಕೋವಾ ಗೂರಾ, ಅಂದರೆ ಬೀಚ್ ಮರಗಳ ಗುಡ್ಡ. ಎತ್ತರ 300 ಮೀಟರಿಗಿಂತ ತುಸು ಹೆಚ್ಚು, ನಾವು ನಿಜಕ್ಕೂ ಹತ್ತುವುದು ನೂರು ಮೀಟರಿಗಿಂತ ಕಡಿಮೆ. ಉದ್ಯಾನದ ವಸ್ತುಸಂಗ್ರಹಾಲಯದ ಹತ್ತಿರ ದಾರಿ ಶುರು, ಎರಡೂವರೆ ಕಿಲೋಮೀಟರ್ ಆಸುಪಾಸು. ಏರು ಇರುವ ಕಡೆ ಮರದ ಮೆಟ್ಟಿಲು. ಗುಡ್ಡ ಚಿಕ್ಕದು ಅಂತ ಹಗುರವಾಗಿ ನೋಡಬೇಡಿ, 1934ರಿಂದಲೇ ಅದು ಮೀಸಲು ಕಾಡು, ಈಗ ಉದ್ಯಾನದೊಳಗೆ ಅತಿ ಕಟ್ಟುನಿಟ್ಟಿನ ರಕ್ಷಣೆ ಇರುವ ಭಾಗ. ಅಲ್ಲಿ ಯಾರೂ ಕೊಡಲಿ ಎತ್ತುವುದಿಲ್ಲ.

ಅಮ್ಮ ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದರು. ನಿಂತಲ್ಲೆಲ್ಲ ಏನಾದರೂ ಕಾಣುತ್ತಿತ್ತು. ಬೀಚ್ ಮರದ ತೊಗಟೆ ನೋಡಿದ್ದೀರಲ್ಲ, ಬೂದು ಬಣ್ಣ, ನುಣುಪು, ಗೆಣ್ಣಿನ ಹತ್ತಿರ ಸುಕ್ಕು. ಅಮ್ಮ ಅದರ ಮೇಲೆ ಅಂಗೈ ಇಟ್ಟು, "ಸಕ್ರೆಬೈಲಿನ ಆನೆ ಕಾಲು" ಅಂದರು. ಮೇ ಮೊದಲ ವಾರ ಎಲೆ ಆಗಷ್ಟೇ ಬಿಚ್ಚಿರುತ್ತದೆ. ಅಂಚಿನಲ್ಲಿ ಬಿಳಿ ರೋಮ, ಬೆಳಕು ದಾಟಿ ಬರುವಷ್ಟು ತೆಳು. ಅದರ ನಡುವೆ ಕಪ್ಪಗೆ ಕಾಣುವ ಫರ್ ಮರಗಳು, ಕೆಲವು ಐವತ್ತು ಮೀಟರ್ ಹತ್ತಿರದವು. ಈ ಎರಡೂ ಮರಗಳಿಗೆ ರೋಸ್ತೋಚೆ ಬೆಟ್ಟಸಾಲು ಒಂದು ಗಡಿ. ಇನ್ನೂ ಈಶಾನ್ಯಕ್ಕೆ ಹೋದರೆ ಬೀಚ್, ಫರ್ ತಾವಾಗಿ ಬೆಳೆದ ಕಾಡು ಸಿಗುವುದು ಅಪರೂಪ.

ಅರ್ಧ ದಾರಿಯಲ್ಲಿ ಅಮ್ಮ ಮೆಟ್ಟಿಲ ಮೇಲೆ ಕೂತರು. ಮೊಣಕಾಲು ನೋವು ಅಂದುಕೊಂಡು ನಾನು ನೀರಿನ ಬಾಟಲಿ ತೆಗೆದೆ. ಅವರು ನೀರು ಕೇಳಲಿಲ್ಲ. ದಾರಿಯ ಅಂಚಿಗೆ ಕೈ ಚಾಚಿ ಒಂದು ಮುಷ್ಟಿ ತರಗೆಲೆ ಎತ್ತಿದರು. ತಾಮ್ರದ ಬಣ್ಣದ ಎಲೆ, ಮೇಲಿನದು ಗರಿಗರಿ. ಅದರ ಕೆಳಗೆ ಹೋದ ವರ್ಷದ್ದು, ಮೆತ್ತಗಾಗಿದೆ. ಅದರ ಕೆಳಗಿನದರಲ್ಲಿ ಎಲೆಯ ನರ ಮಾತ್ರ ಉಳಿದು ಜೇಡನ ಬಲೆಯಂತೆ ಕಾಣುತ್ತಿತ್ತು. ಅದಕ್ಕೂ ಕೆಳಗೆ ಕಪ್ಪು ಮಣ್ಣು. ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಕೇಳಿದರು, "ಎಂತ ಮಾರಾಯ, ಇಷ್ಟು ದರಗು ಬಿದ್ದಿದೆ, ಯಾರೂ ಗುಡಿಸ್ಕೊಂಡು ಹೋಗಲ್ವಾ?"

ಮಲೆನಾಡಿನವರಿಗೆ ಈ ಪ್ರಶ್ನೆಯ ಭಾರ ಗೊತ್ತು. ಉಳಿದವರಿಗೆ ಹೇಳುತ್ತೇನೆ. ನನ್ನ ಅಮ್ಮ ಮದುವೆಯಾಗಿ ಬಂದ ಮೇಲೆ ಮೂವತ್ತು ವರ್ಷ ದರಗು ಗುಡಿಸಿದ್ದಾರೆ. ಮಾಘ, ಫಾಲ್ಗುಣದಲ್ಲಿ ಬೆಳಗಿನ ಜಾವ ಎದ್ದು, ಇಬ್ಬನಿಗೆ ಎಲೆ ಮೆತ್ತಗಿರುವಾಗಲೇ ಗುಡಿಸಿ, ಕಲ್ಲಿ ಅನ್ನುವ ಹಗ್ಗದ ಬಲೆಚೀಲಕ್ಕೆ ತುಂಬಿ, ತಲೆ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸಿದ್ದಾರೆ. ಅದು ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗುತ್ತಿತ್ತು. ಪಕ್ಕದ ಮನೆಯವರು ನಮ್ಮ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು, ದರಗು ತರಲು ನಮ್ಮ ಪಾಲಿಗಿದ್ದ ಕಾಡಿನಲ್ಲಿ, ಗುಡಿಸಿದರೆ ಮಾತು ಬಿಡುವಷ್ಟು ದೊಡ್ಡ ಸಂಗತಿ. ಅಂಥವರ ಕಣ್ಣಿಗೆ ಈ ಗುಡ್ಡ ಅಂದರೆ ಬಾಗಿಲು ತೆರೆದಿಟ್ಟ ಖಜಾನೆ.

ನಾನು ಹೇಳಿದೆ, ಹಿಂದೆ ಈ ದೇಶದಲ್ಲೂ ರೈತರು ಜಮೀನ್ದಾರರ ಕಾಡಿನಿಂದ ಸೌದೆ, ದರಗು, ಮೇವು ತರುತ್ತಿದ್ದರು, ಅದಕ್ಕೆ 'ಸೆರ್ವಿಟೂಟಿ' ಅಂತ ಹಕ್ಕುಗಳೇ ಇದ್ದವು, ಅದಕ್ಕಾಗಿ ವ್ಯಾಜ್ಯಗಳೂ ಆಗಿವೆ. ಅಮ್ಮ, "ಮತ್ತೆ! ಇಲ್ದೆ ಇರುತ್ತಾ?" ಅಂದರು. ಈಗ ಯಾಕೆ ಗುಡಿಸುವುದಿಲ್ಲ ಅಂತ ತೋರಿಸಲು ಹತ್ತು ಹೆಜ್ಜೆ ಮುಂದೆ ಕರೆದುಕೊಂಡು ಹೋದೆ. ಒಂದು ಫರ್ ಮರ ಅಡ್ಡ ಬಿದ್ದಿತ್ತು. ಯಾವ ಕಾಲದಲ್ಲಿ ಬಿದ್ದಿತ್ತೋ, ಮೈಯೆಲ್ಲ ಪಾಚಿ. ಬದಿಯಲ್ಲಿ ಕುದುರೆ ಗೊರಸಿನಂಥ ಅಣಬೆ. ಬೆನ್ನಿನ ಮೇಲೆ ಬೆರಳುದ್ದದ ಫರ್ ಸಸಿಗಳು ಒಂದರ ಹಿಂದೆ ಒಂದು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಅಮ್ಮ ಎಣಿಸಿದರು, ಹದಿನಾಲ್ಕು. ಕೈಯಲ್ಲಿದ್ದ ದರಗನ್ನು ನಿಧಾನಕ್ಕೆ, ಎಲ್ಲಿಂದ ಎತ್ತಿದ್ದರೋ ಅಲ್ಲಿಗೇ ಹೋಗಿ ಸುರಿದು ಬಂದರು. "ಹಸಿದವರು ತಗೊಂಡು ಹೋದ್ರೆ ತಪ್ಪಲ್ಲ. ಆದ್ರೆ ಒಂದು ಗುಡ್ಡನಾದ್ರೂ ಹೀಗೆ ಬಿಟ್ಟಿರಬೇಕು" ಅಂದರು.

ಓಡಿಕೊಂಡು ಹತ್ತಿದ್ದರೆ ನಮಗೆ ಆ ಹದಿನಾಲ್ಕು ಸಸಿ ಕಾಣುತ್ತಿತ್ತೇ? ನಾನು ಆ ದಾರಿಯಲ್ಲಿ ಅದಕ್ಕೂ ಮೊದಲು ಎರಡು ಸಲ ಹೋಗಿದ್ದೆ, ಗಡಿಯಾರ ನೋಡುತ್ತಾ. ಆ ಮರ ಕಂಡಿರಲಿಲ್ಲ. ಅದಕ್ಕೇ ಹೇಳುವುದು, ನಿಧಾನಕ್ಕೆ ನಡೆಯುವವರಿಗೇ ಕಾಡು ಹೆಚ್ಚು ಕೊಡುತ್ತದೆ.

ಎದುರಿಗೆ ಬಂದವರೆಲ್ಲ 'ಜೆನ್ ದೋಬ್ರಿ' ಅನ್ನುತ್ತಿದ್ದರು. ಊರಿನ ಬೀದಿಯಲ್ಲಿ ಮುಖ ಕೊಟ್ಟು ನೋಡದ ಪೋಲಿಷ್ ಜನ ಕಾಡಿನ ದಾರಿಯಲ್ಲಿ ಅಪರಿಚಿತರಿಗೂ ಹಾಗನ್ನುತ್ತಾರೆ, ಎಷ್ಟು ಒಳ್ಳೆಯ ಪದ್ಧತಿ! ಅಮ್ಮ ಪ್ರತಿಯೊಬ್ಬರಿಗೂ ಕೈಮುಗಿದು 'ನಮಸ್ಕಾರ' ಅಂದರು. ಒಬ್ಬ ಅಜ್ಜ ಟೋಪಿ ತೆಗೆದು, ಅವರೂ ಕೈಮುಗಿದು ಹೋದರು.

ದಾರಿಯ ಇನ್ನೊಂದು ತುದಿಯಲ್ಲಿ ಕಾಡು ಮುಗಿದು ಬಯಲು ತೆರೆದುಕೊಳ್ಳುತ್ತದೆ. ಸೀರೆಯ ಪಟ್ಟೆಯ ಹಾಗೆ ಉದ್ದುದ್ದದ ಹೊಲಗಳು, ಕೆಳಗೆ ಸೋಹಿ ಅನ್ನುವ ಹಳ್ಳಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಜಮೋಶ್ಚ್ ಸೀಮೆಯಿಂದ 1942 ನವೆಂಬರಿನಿಂದ ನಾಜಿಗಳು ಒಂದು ಲಕ್ಷಕ್ಕೂ ಹೆಚ್ಚು ಪೋಲಿಷರನ್ನು ಒಕ್ಕಲೆಬ್ಬಿಸಿದರು, ಅದರಲ್ಲಿ ಸುಮಾರು 30,000 ಮಕ್ಕಳು. ಜ್ವೆಜಿನೆತ್ಸ್‌ನಲ್ಲೂ ಒಂದು ಶಿಬಿರ ಇತ್ತು, ಜಮೋಯ್ಸ್ಕಿ ಮನೆತನದ ಯಾನ್ ಮತ್ತು ರೂಝಾ ದಂಪತಿ ಅಲ್ಲಿಂದ ನೂರಾರು ಮಕ್ಕಳನ್ನು ಬಿಡಿಸಿ ತಂದರು. ಸೋಹಿಯನ್ನು 1943ರ ಜೂನ್ 1ರಂದು ಸುಟ್ಟು, ಮೇಲಿನಿಂದ ವಿಮಾನದಲ್ಲಿ ಬಾಂಬು ಹಾಕಿದರು. ಇನ್ನೂರರ ಹತ್ತಿರ ಜನ ಸತ್ತರು. ಅದೇ ಹೊಲ, ಅದೇ ಹಳ್ಳಿ. ಅಮ್ಮನಿಗೆ ಇದನ್ನು ಹೇಳಬಾರದು ಅಂತಿದ್ದೆ, ಮಗಳು ಶಾಲೆಯಲ್ಲಿ ಕಲಿತದ್ದನ್ನು ಹೇಳಿಬಿಟ್ಟಳು. ಅಮ್ಮ ಮಾತಾಡಲಿಲ್ಲ. ಯಾರೋ ಟ್ರ್ಯಾಕ್ಟರಿನಲ್ಲಿ ಉಳುತ್ತಿದ್ದರು, ಬಹಳ ಹೊತ್ತು ಅದನ್ನೇ ನೋಡಿದರು. ಆ ಮೌನದ ಜಾಗವನ್ನೂ ನೀವು ನೋಡಬೇಕು ಅಂತಲೇ ಈ ದಾರಿ ಹೇಳುತ್ತಿದ್ದೇನೆ.

ಚೀಟಿ ಬಂತು, ಐದು ನಿಮಿಷ ಅಂತೆ. ಕುದುರೆ ವಿಷಯ ಪೂರ್ತಿ ಹೇಳಬೇಕಿತ್ತು, ಚುಟುಕಾಗಿ ಹೇಳುತ್ತೇನೆ. ಜ್ವೆಜಿನೆತ್ಸ್‌ನಿಂದ ಒಂದು ಕಿಲೋಮೀಟರಿನ ಆಸುಪಾಸು ನಡೆದರೆ ಎಹೊ ಕೊಳಗಳು, 'ಎಹೊ' ಅಂದರೆ ಪ್ರತಿಧ್ವನಿ. ಪೈನ್ ಮರದ ಕೆಳಗೆ ಸಮತಟ್ಟು ದಾರಿ, ಮಗುವಿನ ತಳ್ಳುಗಾಡಿಯೂ ಹೋಗುತ್ತದೆ. ಅದರ ಪಕ್ಕದ ಬೇಲಿಯೊಳಗೆ ಕೋನಿಕ್ ಕುದುರೆಗಳು ವರ್ಷವಿಡೀ ಬಯಲಲ್ಲೇ ಇರುತ್ತವೆ. ಗಿಡ್ಡ ಮೈ, ಇಲಿಯ ಬಣ್ಣ, ಬೆನ್ನಿನುದ್ದಕ್ಕೂ ಒಂದು ಕಪ್ಪು ಗೆರೆ. ಜಮೋಯ್ಸ್ಕಿಯ ಮೃಗವನದಲ್ಲಿ ತರ್ಪಾನ್ ಎಂಬ ಕಾಡುಕುದುರೆಗಳಿದ್ದವಂತೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅವನ್ನು ಬಿವ್ಗೊರಾಯ್ ಸುತ್ತಿನ ರೈತರಿಗೆ ಹಂಚಿಬಿಟ್ಟರಂತೆ. ಅವು ರೈತರ ಕುದುರೆಗಳ ಜೊತೆ ಬೆರೆತು ಉಳಿದ ತಳಿಯೇ ಇದು ಅಂತ ಇಲ್ಲಿಯವರು ಹೇಳುತ್ತಾರೆ. 1982ರಲ್ಲಿ ಅವನ್ನು ಮತ್ತೆ ಈ ಕಾಡಿಗೆ ತಂದರು. ಉದ್ಯಾನದ ಲಾಂಛನದಲ್ಲೂ ಅದೇ ಕುದುರೆ. ಬೇಲಿಗೆ ಕೈ ಹಾಕಬೇಡಿ, ಚಪಾತಿ ಕೊಡಬೇಡಿ.

ಇನ್ನು ನಿಯಮ. ದಾರಿ ಬಿಡಬಾರದು, ಹೂವು, ಹಣ್ಣು, ಅಣಬೆ ಯಾವುದನ್ನೂ ಕೀಳಬಾರದು. ಸರ್ಕಾರಿ ಕಾಡಿನಲ್ಲಿ ಪೋಲಿಷರು ಬುಟ್ಟಿ ತುಂಬ ಅಣಬೆ ಕೀಳುತ್ತಾರೆ ನಿಜ, ರಾಷ್ಟ್ರೀಯ ಉದ್ಯಾನದಲ್ಲಿ ಇಲ್ಲ. ಮರದ ಮೇಲಿನ ಬಣ್ಣದ ಪಟ್ಟೆ ನೋಡಿ ನಡೆಯಿರಿ, ಎರಡು ಬಿಳಿ ಪಟ್ಟೆಯ ನಡುವೆ ಒಂದು ಬಣ್ಣ. ಕೆಂಪು ಅಂದರೆ ಕಷ್ಟ, ಹಸಿರು ಅಂದರೆ ಸುಲಭ ಅಂತ ಅಲ್ಲ, ಒಂದು ದಾರಿಯನ್ನು ಇನ್ನೊಂದರಿಂದ ಗುರುತಿಸಲು ಅಷ್ಟೇ. ಎಲ್ಲಕ್ಕಿಂತ ಮುಖ್ಯ, ಉಣ್ಣಿ. ಇಲ್ಲಿಯ ಉಣ್ಣಿ ಕಚ್ಚಿದರೆ ಲೈಮ್ ರೋಗ ಬರಬಹುದು, ಮಿದುಳಿನ ಉರಿಯೂತವೂ ಬರಬಹುದು. ಪೂರ್ತಿ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಸೀರೆ ಉಡುವವರು ಒಳಗೆ ಲೆಗ್ಗಿಂಗ್ಸ್ ಹಾಕಿ, ಅಮ್ಮನಿಗೂ ಹಾಗೇ ಹಾಕಿಸಿದ್ದೆ. ಮನೆಗೆ ಬಂದ ಮೇಲೆ ಮಕ್ಕಳ ಕಿವಿಯ ಹಿಂದೆ, ಮೊಣಕಾಲಿನ ಹಿಂದೆ ನೋಡಿ.

ಗಡಿಯಾಚೆ ಉಕ್ರೇನಿನವರೆಗೂ ಇದೇ ಬೆಟ್ಟಸಾಲು ಹೋಗುತ್ತದೆ, 2019ರಿಂದ ಎರಡೂ ದೇಶಗಳದ್ದು ಸೇರಿ ಒಂದೇ ಜೀವಗೋಳ ಮೀಸಲು. ಅದರ ಬಗ್ಗೆ ಮಾತಾಡಲು ಸಮಯ ಉಳಿದಿಲ್ಲ. ಊಟಕ್ಕೆ ಎಲೆ ಹಾಕಿದ್ದಾರೆ.

ಮೇ 2ಕ್ಕೆ ಹದಿನೆಂಟು ಸೀಟಿನ ವ್ಯಾನು ಹೇಳಿದ್ದೇವೆ, ಬೆಳಿಗ್ಗೆ ಆರಕ್ಕೆ ಹೊರಡುತ್ತದೆ. ಹಾಳೆಯನ್ನು ಊಟದ ಮನೆಯ ಬಾಗಿಲಿಗೆ ಅಂಟಿಸಿದ್ದೇನೆ. ಮೊದಲ ಎಂಟು ಸೀಟು ಊರಿಂದ ಬಂದ ಅಪ್ಪ ಅಮ್ಮಂದಿರಿಗೆ, ಮತ್ತೆ ನಾಲ್ಕು ಕೈಗೂಸಿನ ತಾಯಂದಿರಿಗೆ. ರಿಸಿ ಹತ್ತಿದ ಹುಡುಗರು ಉಳಿದ ಸೀಟಿಗೆ ಹೆಸರು ಬರೆಯಿರಿ, ನೀರಿನ ಕ್ಯಾನು ಹೊರಲು ಬೇಕಾಗುತ್ತೀರಿ. ಅಮ್ಮ ಈ ಸಲವೂ ಬಂದಿದ್ದಾರೆ, ಅಗೋ, ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಆ ಹದಿನಾಲ್ಕು ಸಸಿಗಳನ್ನು ಮತ್ತೆ ಎಣಿಸಬೇಕಂತೆ.