ಹಳೆಯ ವಿಮಾನ ಬಂದಿಳಿದಾಗ ನೆಲದ ಮೇಲಿನ ಕೆಲಸ

ಎಲ್ಲರಿಗೂ ನಮಸ್ಕಾರ.

ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣವನ್ನು ಬ್ರಿಟಿಷ್ ವಾಯುಪಡೆ 1942ರಲ್ಲಿ ಕಟ್ಟಿತು. ಬರ್ಮಾದ ಯುದ್ಧಕ್ಕೆ ಹೋಗುವವರಿಗೆ ಅದು ತರಬೇತಿಯ ನೆಲೆ. ಇವತ್ತಿಗೂ ಅದಕ್ಕೆ ಹೊಂದಿಕೊಂಡೇ ವಾಯುಪಡೆಯ ಏರ್‌ಮನ್ ತರಬೇತಿ ಶಾಲೆ ಇದೆ. ಇಂಥ ನೆಲಕ್ಕೆ ಅದೇ ಕಾಲದ ವಿಮಾನವೊಂದು ಬಂದರೆ ಊರೆಲ್ಲ ನೋಡಲು ಬರುತ್ತದೆ, ಬರಲೇಬೇಕು. ಆದರೆ ಹಳೆಯ ವಿಮಾನಕ್ಕೆ ಪೆಟ್ಟು ಬೀಳುವುದು ಹೆಚ್ಚಾಗಿ ನೆಲದ ಮೇಲೆ, ಸುತ್ತ ನಿಂತವರ ಕೈಯಿಂದ. ಹಾಗಾಗಿ ಇವತ್ತು ಹಾರಾಟದ ಮಾತು ಕಡಿಮೆ, ನೆಲದ ಮಾತು ಹೆಚ್ಚು.

ಉದಾಹರಣೆಗೆ ಟೈಗರ್ ಮಾತ್ ಎಂಬ ತರಬೇತಿ ವಿಮಾನವನ್ನು ತೆಗೆದುಕೊಳ್ಳೋಣ. ಮೊದಲು ಹಾರಿದ್ದು 1931ರಲ್ಲಿ. ಎಚ್‌ಎಎಲ್‌ನ ತರಬೇತಿ ವಿಮಾನ ಎಚ್‌ಟಿ-2 ಬರುವವರೆಗೆ ನಮ್ಮ ವಾಯುಪಡೆಯ ಪೈಲಟ್‌ಗಳು ಕಲಿತದ್ದು ಇದರ ಮೇಲೆ. ವಾಯುಪಡೆ ಒಂದನ್ನು ದುರಸ್ತಿ ಮಾಡಿಸಿ 2012ರ ಅಕ್ಟೋಬರ್ 8ರಂದು ದೆಹಲಿ ಬಳಿಯ ಹಿಂಡನ್‌ನಲ್ಲಿ ಮತ್ತೆ ಹಾರಿಸಿತು. ಎರಡು ಜೋಡಿ ರೆಕ್ಕೆ, ಮರದ ಅಡ್ಡೆ, ಮೇಲೆ ಬಟ್ಟೆ. ಖಾಲಿ ತೂಕ ಸುಮಾರು 500 ಕಿಲೋ, ಅಂದರೆ ಮಾರುತಿ 800 ಕಾರಿಗಿಂತ ಕಡಿಮೆ. ಬ್ರೇಕ್ ಇಲ್ಲ. ಹಿಂದೆ ಗಾಲಿಯ ಬದಲು ನೆಲಕ್ಕೆ ಉಜ್ಜುವ ಒಂದು ಸ್ಕಿಡ್. ಸ್ಟಾರ್ಟರ್ ಇಲ್ಲ, ಪ್ರೊಪೆಲ್ಲರನ್ನು ಕೈಯಿಂದಲೇ ತಿರುಗಿಸಬೇಕು.

ಕೈಯಿಂದ ತಿರುಗಿಸುವ ಈ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದರಲ್ಲಿರುವ ಜಿಪ್ಸಿ ಮೇಜರ್ ಎಂಜಿನ್ 130 ಅಶ್ವಶಕ್ತಿಯದು. ನಾಲ್ಕು ಸಿಲಿಂಡರ್, ನಾಲ್ಕೂ ತಲೆಕೆಳಗು. ರಾತ್ರಿಯಿಡೀ ನಿಂತರೆ ಎಣ್ಣೆ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಹೆಡ್‌ನಲ್ಲಿ ಬಂದು ಕೂರುತ್ತದೆ. ಗಾಳಿಯನ್ನು ಅದುಮಬಹುದು, ಎಣ್ಣೆಯನ್ನು ಅದುಮಲಾಗದು. ಆ ಸ್ಥಿತಿಯಲ್ಲಿ ಎಂಜಿನ್ ಶುರುವಾದರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದ್ದು ಅವತ್ತೇ ಗೊತ್ತಾಗದೆ ಇನ್ನೊಂದು ದಿನ ಆಕಾಶದಲ್ಲಿ ಮುರಿಯಬಹುದು. ಆದ್ದರಿಂದ ಮೊದಲು ಸ್ವಿಚ್ ಆಫ್ ಇಟ್ಟು ಪ್ರೊಪೆಲ್ಲರನ್ನು ನಿಧಾನ ತಿರುಗಿಸಿ ನಾಲ್ಕೂ ಸಿಲಿಂಡರಿನ ಒತ್ತಡ ಕೈಗೆ ಸಿಗುತ್ತದೆಯೇ ನೋಡಬೇಕು. ಒಂದು ಕಡೆ ಗಟ್ಟಿಯಾಗಿ ನಿಂತುಬಿಟ್ಟರೆ ಜೋರು ಮಾಡಬಾರದು. ಹಿಂದಕ್ಕೆ ತಿರುಗಿಸಿದರೂ ಪ್ರಯೋಜನವಿಲ್ಲ, ಎಣ್ಣೆ ಇನ್‌ಟೇಕ್ ಪೈಪಿಗೆ ಹೋಗಿ ಮತ್ತೆ ಒಳಗೇ ಬರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಸುರಿದುಹೋಗಲು ಬಿಡಬೇಕು. ಅರ್ಧ ಗಂಟೆಯ ಕೆಲಸ, ಎಂಜಿನ್ ಉಳಿಯುತ್ತದೆ. ಡಕೋಟಾದಂಥ ದೊಡ್ಡ ವಿಮಾನದಲ್ಲೂ ಇದೇ ಕಥೆ: ಅದರ 14 ಸಿಲಿಂಡರ್ ವೃತ್ತಾಕಾರವಾಗಿ ಜೋಡಿಸಿರುವುದರಿಂದ ಕೆಳಗಿನವುಗಳಲ್ಲಿ ಎಣ್ಣೆ ಇಳಿಯುತ್ತದೆ.

ಇನ್ನು ಎಂಜಿನ್ ಹಚ್ಚುವ ಕ್ರಮ. ಗಾಲಿಗಳ ಮುಂದೆ ಅಡ್ಡಗಟ್ಟೆ ಇಡಬೇಕು. ಒಳಗೆ ಕೂತವನು ಕಂಟ್ರೋಲ್ ಕಡ್ಡಿಯನ್ನು ಪೂರ್ತಿ ಹಿಂದಕ್ಕೆ ಎಳೆದು ಹಿಡಿದಿರಬೇಕು. ಪೆಟ್ರೋಲ್ ತೆರೆದು, ಕಾರ್ಬ್ಯುರೇಟರಿನ ಟಿಕ್ಲರ್ ಎಂಬ ಸಣ್ಣ ಕಡ್ಡಿ ಎತ್ತಿ ಪೆಟ್ರೋಲ್ ತೊಟ್ಟಿಕ್ಕುವವರೆಗೆ ಕಾಯಬೇಕು. ಹಳೆಯ ಬುಲೆಟ್ ಓಡಿಸಿದವರಿಗೆ ಇದು ಹೊಸದಲ್ಲ. ಆಮೇಲೆ ಸ್ವಿಚ್ ಆಫ್ ಇದ್ದಾಗಲೇ ಕೆಲವು ಸುತ್ತು ತಿರುಗಿಸಿ ಮಿಶ್ರಣ ಒಳಗೆಳೆಯಬೇಕು. ಹೊರಗಿನವನು "ಕಾಂಟ್ಯಾಕ್ಟ್" ಎಂದು ಕೂಗಬೇಕು, ಒಳಗಿನವನು ಅದೇ ಪದ ತಿರುಗಿ ಹೇಳಿ ಸ್ವಿಚ್ ಹಾಕಬೇಕು. ಸ್ವಿಚ್‌ಗಳನ್ನು ಕಾಕ್‌ಪಿಟ್‌ನ ಹೊರಮೈಗೆ ಕೂರಿಸಿದ್ದೇ ಪ್ರೊಪೆಲ್ಲರ್ ಬಳಿ ನಿಂತವನ ಕಣ್ಣಿಗೆ ಕಾಣಲಿ ಎಂದು. ಅಂಗೈ ಚಪ್ಪಟೆಯಾಗಿ ಅಲಗಿನ ಮೇಲೆ ಇಡಬೇಕು. ಬೆರಳು ಮಡಚಿ ಅಂಚು ಹಿಡಿದರೆ ಎಂಜಿನ್ ಹಿಂದಕ್ಕೆ ಒದೆದಾಗ ಬೆರಳು ಉಳಿಯುವುದಿಲ್ಲ. ಕೆಳಗೆ ಎಳೆಯುತ್ತಿದ್ದಂತೆ ಮೈ ಹಿಂದಕ್ಕೆ ಬರಬೇಕು, ಮುಂದಕ್ಕೆ ಮುಗ್ಗರಿಸುವಂತಿರಬಾರದು. ಹಸಿ ಹುಲ್ಲು, ಜಲ್ಲಿಕಲ್ಲು ಇದ್ದ ಕಡೆ ಈ ಕೆಲಸ ಬೇಡವೇ ಬೇಡ.

ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಹತ್ತದಿದ್ದರೆ ಸ್ವಿಚ್ ಆಫ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಪ್ರೊಪೆಲ್ಲರನ್ನು ಹಿಮ್ಮುಖವಾಗಿ ಕೆಲವು ಸುತ್ತು ತಿರುಗಿಸಿದರೆ ಸಿಲಿಂಡರ್ ಒಣಗುತ್ತದೆ. ಮತ್ತೆ ಶುರು ಮಾಡುವ ಮುಂಚೆ ಥ್ರಾಟಲ್ ಇಳಿಸಿದ್ದನ್ನು ಬಾಯಿಬಿಟ್ಟು ಹೇಳಿಸಿಕೊಳ್ಳಬೇಕು. ತೆರೆದೇ ಉಳಿದ ಥ್ರಾಟಲ್‌ನಿಂದ ಬ್ರೇಕ್ ಇಲ್ಲದ ವಿಮಾನ ಅಡ್ಡಗಟ್ಟೆ ಹಾರಿ ಜನರ ಕಡೆಗೇ ಓಡುತ್ತದೆ. ಎಂಜಿನ್ ಹತ್ತಿದ ಮೇಲೆ ಮೊದಲು ನೋಡಬೇಕಾದದ್ದು ಎಣ್ಣೆಯ ಒತ್ತಡ. 30 ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ಬಂದ್ ಮಾಡಬೇಕು.

ಒಂದು ಮಾತು ಮಾತ್ರ ಎಲ್ಲರೂ ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ ಎಂಬ ಸಾಧನಕ್ಕೆ ಬ್ಯಾಟರಿ ಬೇಡ, ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತದೆ. ಸ್ವಿಚ್ ಆಫ್ ಎಂದರೆ ಆ ಕರೆಂಟನ್ನು ಒಂದು ತಂತಿಯ ಮೂಲಕ ಎಂಜಿನ್ ಮೈಗೆ ಅರ್ಥ್ ಮಾಡುವುದು, ಅಷ್ಟೇ. ಆ ತಂತಿ ಎಲ್ಲಾದರೂ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಎಂಜಿನ್ ಜೀವಂತವಾಗಿರುತ್ತದೆ. ಫೋಟೊಗಾಗಿ ಪ್ರೊಪೆಲ್ಲರ್ ಮೇಲೆ ಕೈಯಿಟ್ಟು ಒಂದಿಷ್ಟು ತಿರುಗಿಸಿದರೂ ಎಂಜಿನ್ ಶುರುವಾಗಬಹುದು. ನಿಂತ ಪ್ರೊಪೆಲ್ಲರನ್ನೂ ತಿರುಗುವ ಪ್ರೊಪೆಲ್ಲರಂತೆಯೇ ಕಾಣಬೇಕು. ದುಪಟ್ಟಾ, ಸೆರಗು, ಕೊರಳಿನ ಐಡಿ ಕಾರ್ಡ್, ಮಕ್ಕಳ ಟೋಪಿ, ಇವೆಲ್ಲ ಹಗ್ಗದ ಆಚೆಗೇ ಇರಲಿ.

ಬಟ್ಟೆಯ ವಿಷಯ ಶಹಾಪುರ, ವಡಗಾವಿಯ ನೇಕಾರ ಬಂಧುಗಳಿಗೆ ಬೇಗ ತಿಳಿಯುತ್ತದೆ. ಮೂಲದಲ್ಲಿ ಇದು ಅಗಸೆ ನಾರಿನ ಲಿನನ್, ಈಗ ಹೆಚ್ಚಿನ ಕಡೆ ಪಾಲಿಯೆಸ್ಟರ್. ರೆಕ್ಕೆಯ ಪಕ್ಕೆಲುಬಿಗೆ ಮೇಣ ಹಚ್ಚಿದ ದಾರದಿಂದ ಹೊಲಿದು, ಮೇಲೆ ಡೋಪ್ ಎಂಬ ದ್ರಾವಣ ಬಳಿಯುತ್ತಾರೆ. ಲಿನನ್ ಮೇಲೆ ಅದು ಒಣಗುತ್ತಾ ಬಟ್ಟೆಯನ್ನು ಹಲಗೆ ವಾದ್ಯದ ಚರ್ಮದಂತೆ ಬಿಗಿ ಎಳೆಯುತ್ತದೆ. ಬಣ್ಣದ ಕೆಳಗೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಪದರ ಇರುತ್ತದೆ, ಬಿಸಿಲಿನಿಂದ ನೂಲನ್ನು ಕಾಯುವುದು ಅದು. ಬೆರಳಿನಿಂದ ಒತ್ತಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಹಳೆಯ ಡೋಪ್ ಗಡುಸಾಗಿರುವುದರಿಂದ ಒತ್ತಿದ ಜಾಗದಲ್ಲಿ ಬಳೆಯಂಥ ಬಿರುಕು ಬಿಟ್ಟು, ಅಲ್ಲಿಂದ ಬಿಸಿಲು, ನೀರು ಒಳಹೋಗುತ್ತವೆ. ವಿಮಾನ ತಳ್ಳಲು ಕರೆದರೆ ರೆಕ್ಕೆಗಳ ನಡುವಿನ ಕಂಬದ ಬುಡ ಹಿಡಿಯಿರಿ, ರೆಕ್ಕೆಯ ಹಿಂದಿನ ಅಂಚನ್ನು ಹಿಡಿಯಬೇಡಿ.

ಮಳೆಗಾಲದಲ್ಲಿ ಬೆಳಗಾವಿಯ ತೇವ ನಿಮಗೆ ಹೇಳಬೇಕಾಗಿಲ್ಲ. ರೆಕ್ಕೆಯ ಅಡಿಯಲ್ಲಿ ನೀರು ಸೋರಿಹೋಗಲು ಸಣ್ಣ ತೂತುಗಳಿರುತ್ತವೆ. ಕೆಸರು ಮೆತ್ತಿ ಅವು ಮುಚ್ಚಿದರೆ ನೀರು ಒಳಗೇ ನಿಂತು ಅಂಟು ಬಿಡುತ್ತದೆ. ಹಾಲಿನ ಕೇಸಿನ್‌ನಿಂದ ಮಾಡಿದ ಹಳೆಯ ಅಂಟಾದರೆ ಬೂಸು ಹಿಡಿದು ಪುಡಿಯಾಗುತ್ತದೆ, ಹೊರಗೆ ಬಟ್ಟೆ ಮಾತ್ರ ಹೊಸದಾಗಿ ಹೊಳೆಯುತ್ತಿರುತ್ತದೆ. ಪ್ರತಿ ಮಳೆಯ ನಂತರ ಒಂದು ಕಡ್ಡಿಯಿಂದ ಆ ತೂತುಗಳನ್ನು ಬಿಡಿಸಬೇಕು.

ಬೇಸಿಗೆಯಲ್ಲಿ ತೊಂದರೆ ಬೇರೆ. ಎತ್ತರಕ್ಕೆ, ಬಿಸಿಗೆ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಕುಗ್ಗುತ್ತದೆ. ಸಾಂಬ್ರಾ ಸುಮಾರು 2,500 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ವಿಮಾನದ ಲೆಕ್ಕಾಚಾರದಲ್ಲಿ ಪ್ರಮಾಣವಾಗಿ ಹಿಡಿಯುವ ಉಷ್ಣತೆ 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದರೆ 26 ಡಿಗ್ರಿ ಹೆಚ್ಚು. ಒಂದು ಡಿಗ್ರಿಗೆ 120 ಅಡಿಯಂತೆ ಕೂಡಿಸಿ: ಎಂಜಿನ್‌ಗೆ ನಮ್ಮ ಊರು 5,600 ಅಡಿ ಎತ್ತರದ ಬೆಟ್ಟದಂತೆ ಅನಿಸುತ್ತದೆ. ಸಾವಿರ ಅಡಿಗೆ ಶೇ 3ರಷ್ಟು ಶಕ್ತಿ ಹೋದರೆ 130ರಲ್ಲಿ ಉಳಿಯುವುದು ಸುಮಾರು 108. ಅದಕ್ಕೇ ಬೆಳಗಿನ ಎಂಟು ಗಂಟೆಯೊಳಗೆ ಹಾರಾಟ ಮುಗಿಸುವುದು ಒಳ್ಳೆಯದು. ಹನ್ನೊಂದಕ್ಕೆ ಅತಿಥಿಗಳು ಬಂದು ಭಾಷಣ ಮುಗಿದ ಮೇಲೆ ಹಾರಿಸಿ ಎಂದು ಒತ್ತಾಯಿಸುವುದು ಸರಿಯಲ್ಲ.

ಇಂಧನದಲ್ಲಿ ತಪ್ಪಾದರೆ ತಿದ್ದಲು ಸಮಯವೇ ಸಿಗುವುದಿಲ್ಲ. ಇಂದಿನ ದೊಡ್ಡ ವಿಮಾನಗಳಿಗೆ ತುಂಬುವುದು ಸೀಮೆಎಣ್ಣೆಯ ಜಾತಿಯ ಜೆಟ್ ಇಂಧನ. ಹಳೆಯ ಪಿಸ್ಟನ್ ಎಂಜಿನ್‌ಗೆ ಬೇಕಾದದ್ದು ಆವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್. ಇಂಡಿಯನ್ ಆಯಿಲ್ ಇದನ್ನು ದೇಶದಲ್ಲೇ ತಯಾರಿಸಿ ಬಿಡುಗಡೆ ಮಾಡಿದ್ದು 2022ರಲ್ಲಿ. ಅದರ 100 ಎಲ್‌ಎಲ್ (ಕಡಿಮೆ ಸೀಸದ) ದರ್ಜೆಯದು ತಿಳಿನೀಲಿ, ಜೆಟ್ ಇಂಧನಕ್ಕೆ ಬಣ್ಣವಿಲ್ಲ ಅಥವಾ ತಿಳಿಹಳದಿ. ಬ್ಯಾರೆಲ್‌ನಲ್ಲಿ ತರಿಸಿದ್ದಾದರೆ ಮೊದಲು ಅರ್ಥಿಂಗ್ ತಂತಿ ಸಿಕ್ಕಿಸಿ, ಗಾಜಿನ ಲೋಟದಲ್ಲಿ ಹಿಡಿದು ಬಣ್ಣ ನೋಡಿ, ತಳದಲ್ಲಿ ನೀರಿನ ಗುಳ್ಳೆ ಇದೆಯೇ ನೋಡಿ, ಆಮೇಲೆ ತುಂಬಬೇಕು. ಟೈಗರ್ ಮಾತ್ ಟ್ಯಾಂಕ್ ಮೇಲಿನ ರೆಕ್ಕೆಯ ನಡುಭಾಗದಲ್ಲಿದೆ, ಹಿಡಿಯುವುದು 86 ಲೀಟರ್.

ಸಂಜೆ ಕಟ್ಟುವ ಕೆಲಸ. ಮೇ ತಿಂಗಳ ಗುಡುಗು ಗಾಳಿ ಬೀಸಿದರೆ ಇಷ್ಟು ಹಗುರ ವಿಮಾನವನ್ನು ನಿಂತಲ್ಲಿಂದಲೇ ಎತ್ತಿ ಮಗುಚಬಲ್ಲದು. ಮೂಗು ಗಾಳಿಗೆ ಎದುರಾಗಿರಲಿ. ಮೇಲಿನ ರೆಕ್ಕೆಯ ಮುಂದಂಚಿನಲ್ಲಿ ತಾವೇ ತೆರೆಯುವ ಸ್ಲಾಟ್ ಎಂಬ ಪಟ್ಟಿಗಳಿವೆ, ಅವನ್ನು ಕಾಕ್‌ಪಿಟ್‌ನ ಹಿಡಿಕೆಯಿಂದ ಲಾಕ್ ಮಾಡಬೇಕು. ಕಂಟ್ರೋಲ್ ಕಡ್ಡಿಯನ್ನು ಸೀಟ್ ಪಟ್ಟಿಯಿಂದ ಬಿಗಿಯಬೇಕು. ಎರಡೂ ಕೆಳರೆಕ್ಕೆ ಮತ್ತು ಬಾಲವನ್ನು ನೆಲದ ಗೂಟಕ್ಕೆ ಕಟ್ಟಬೇಕು. ನಮ್ಮ ಕಡೆಯ ಪುಂಡಿ ಹಗ್ಗ ಗಟ್ಟಿಮುಟ್ಟು, ನಿಜ. ಆದರೆ ನಾರಿನ ಹಗ್ಗ ನೆನೆದರೆ ಕುಗ್ಗುತ್ತದೆ. ಬಿಗಿಯಾಗಿ ಕಟ್ಟಿಬಿಟ್ಟರೆ ರಾತ್ರಿಯ ಮಳೆಗೆ ಅದೇ ಹಗ್ಗ ರೆಕ್ಕೆಯ ಮರದ ಅಡ್ಡೆಯನ್ನು ಕೆಳಕ್ಕೆ ಜಗ್ಗುತ್ತದೆ. ಒಂದು ಅಂಗುಲ ಸಡಿಲ ಬಿಟ್ಟು ಗಂಟು ಹಾಕಿ, ಬೆಳಿಗ್ಗೆ ಮೊದಲು ಆ ಗಂಟನ್ನೇ ಹೋಗಿ ನೋಡಿ.