ಪೈಲಟ್ ಜೆಟ್ಟಿಗೆ ತಂತಿ ಹಾಕಿದ್ದು

ಕೇಳುಗರಿಗೆ ನಮಸ್ಕಾರ.

ನಮ್ಮ ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ಗೂಡಿನ ಮೂಟೆ ಹೊತ್ತು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಟ ಯಮಹಾ ಆರ್‌ಎಕ್ಸ್ 100 ಬೈಕು ಯಾರದ್ದು ಅಂತ ಅಡುಗೆಮನೆಯಲ್ಲಿದ್ದವರೂ ಸದ್ದಿನಿಂದಲೇ ಹೇಳುತ್ತಿದ್ದರು. 1996ಕ್ಕೇ ತಯಾರಿ ನಿಂತುಹೋದ ಮಾಡೆಲ್ಲು. ನಮ್ಮಪ್ಪನದೊಂದು ಹುಳು ಸಾಕುವ ಮನೆಯ ಪಕ್ಕ ಎರಡು ವರ್ಷ ನಿಂತೇ ಇತ್ತು. ಹೋದ ಬೇಸಿಗೆಯಲ್ಲಿ ಕಿಕ್ ಹೊಡೆದೆ, ಹೊಡೆದೆ. ನನ್ನ ಮೀನಖಂಡ ಹಿಡಿದುಕೊಂಡಿತೇ ಹೊರತು ಗಾಡಿ ಕೆಮ್ಮಲೂ ಇಲ್ಲ.

ಇಂಜಿನ್ನಿಗೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಕೊಡುವ ಕಾರ್ಬುರೇಟರ್ ಬಿಚ್ಚಿದೆ. ಅದರ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಬೌಲಿನಲ್ಲಿ, ಪೆಟ್ರೋಲ್ ಆರಿ, ಒಣಗಿದ ಹಲಸಿನ ಮೇಣದಂಥ ಅಂಟು. ಮೂಲೆಯಲ್ಲಿ ಸುಣ್ಣದ ಹಾಗೆ ಬಿಳಿ ಪುಡಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ತೇವ ಎಳೆದುಕೊಳ್ಳುತ್ತದೆ, ನಿಂತ ಗಾಡಿಯ ಲೋಹಕ್ಕೆ ಅದು ಆಗಿಬರುವುದಿಲ್ಲ.

ಜೆಟ್ ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು. ಮೇನ್ ಜೆಟ್ ಸಲೀಸಾಗಿ ತೊಳೆದುಕೊಂಡಿತು. ಪೈಲಟ್ ಜೆಟ್ ಮಾತ್ರ ಬೆಳಕಿಗೆ ಹಿಡಿದರೂ ಕುರುಡು. ಅದರ ತೂತು ಅರ್ಧ ಮಿಲಿಮೀಟರೂ ಇರುವುದಿಲ್ಲ. ಗಾಡಿ ನಿಂತಲ್ಲೇ ಇಂಜಿನ್ ಸ್ಲೋದಲ್ಲಿ ಓಡುತ್ತಿರಬೇಕಾದರೆ ಪೆಟ್ರೋಲ್ ಬರುವುದು ಅಲ್ಲಿಂದಲೇ. ನಾನು ಬುದ್ಧಿವಂತ ನೋಡಿ, ಸಣ್ಣ ಉಕ್ಕಿನ ತಂತಿ ತುರುಕಿ ತಿರುವಿದೆ. ಬೆಳಕು ಕಂಡಿತು, ಗಾಡಿಯೂ ಎದ್ದಿತು! ಆದರೆ ಒಂದೇ ವಾರದಲ್ಲಿ ಮೂರು ಸಲ ಕಿಡಿ ಹೊಡೆಯುವ ಪ್ಲಗ್ಗು ಮಸಿ ಹಿಡಿಯಿತು.

ಊರಿನ ಹಳೇ ಮೆಕ್ಯಾನಿಕ್ ಒಬ್ಬರು ಜೆಟ್ಟನ್ನು ಉಗುರಿನ ಮೇಲೆ ಇಟ್ಟು ನೋಡಿದವರೇ, "ಏನಣ್ಣಾ, ತಂತಿ ಆಡಿಸಿದ್ರಾ?" ಅಂದರು. ಜೆಟ್ಟು ಹಿತ್ತಾಳೆ, ಉಕ್ಕಿನ ತಂತಿ ಅದನ್ನು ಕೆರೆದು ತೂತು ಅಗಲ ಮಾಡಿಬಿಡುತ್ತದೆ. ಪೆಟ್ರೋಲ್ ಹೆಚ್ಚು, ಮಸಿ ಹೆಚ್ಚು. ರಾತ್ರಿಯಿಡೀ ನೆನೆಹಾಕಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದ್ದರೆ ಸಾಕಿತ್ತಂತೆ. ಅದಕ್ಕೂ ಬಗ್ಗದಿದ್ದರೆ ಕರೆಂಟ್ ವೈರಿನ ತಾಮ್ರದ ಒಂದೇ ಎಳೆ. ತಾಮ್ರ ಹಿತ್ತಾಳೆಗಿಂತ ಮೆತ್ತಗೆ.

ಹೊಸ ಜೆಟ್ಟು ಹಾಕಿದರು. ಬೌಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟಿನ ಸೂಜಿಯ ತುದಿಯಲ್ಲಿ ಸವೆದ ಗೆರೆ ಇತ್ತು, ಅದನ್ನೂ ಬದಲಾಯಿಸಿದರು. ಇಲ್ಲದಿದ್ದರೆ ಪೆಟ್ರೋಲ್ ಓವರ್‌ಫ್ಲೋ. ಬೌಲಿನ ಉಬ್ಬಿದ ರಬ್ಬರ್ ತನ್ನ ತೋಡಿನಲ್ಲಿ ಕೂರದೆ ಇದ್ದಾಗ ನಾನು ಎಳೆಯಲು ಹೋದೆ. ಕೈ ತಡೆದು ಬಿಸಿಲಿಗಿಟ್ಟರು. ಕಾಫಿ ಕುಡಿದು ಬರುವಷ್ಟರಲ್ಲಿ ಅದು ಕುಗ್ಗಿ ತಾನಾಗಿ ಕೂತಿತು. ಕೊನೆಗೆ ಗಾಳಿ ಹೊಂದಿಸುವ ಏರ್ ಸ್ಕ್ರೂವನ್ನು ಹಗುರವಾಗಿ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದಾಚೆ ಕಿವಿಯಲ್ಲೇ ಟ್ಯೂನ್ ಮಾಡಿದರು.

2020ರ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬುರೇಟರೇ ಇಲ್ಲ, ಈ ಕೆಲಸವೂ ಇಲ್ಲ. ಹಳೇ ಗಾಡಿ ಇಟ್ಟುಕೊಂಡವರು ಮಾತ್ರ, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಟ್ಯಾಪ್ ಮುಚ್ಚಿ, ತಾನಾಗಿ ಆಫ್ ಆಗುವವರೆಗೆ ಸ್ಲೋದಲ್ಲಿ ಬಿಡಿ. ನಮ್ಮಪ್ಪನಿಗೆ ಇದು ಮೊದಲೇ ಗೊತ್ತಿತ್ತಂತೆ. "ನೀನು ಕೇಳಲಿಲ್ಲವಲ್ಲೋ" ಅಂದರು.

ನಮಸ್ಕಾರ.